ಕಣಜದ ಹಳದಿ ಚೀಲ

ಮುದ್ದೆ ಮುರಿದು ಸಾರಿಗೆ ಅದ್ದಿದ ಲಕ್ಷ್ಮಕ್ಕ, ಬೆರಳಿನಿಂದ ತಟ್ಟೆಯ ತಳವನ್ನು ಒಂದು ಸುತ್ತು ಸವರಿ ನೋಡಿದಳು.

“ಏನೇ ಕಾವ್ಯ, ಈ ಸಾರಿಗೆ ಬೇಳೆ ಬಂದಿತ್ತಾ, ಇಲ್ಲ ಬಾಗ್ಲು ತನಕ ಬಂದು ವಾಪಸ್ ಹೋತಾ?”

“ಬಂದೈತೆ ಅತ್ತೆ. ಹುಡುಕ್ರಿ, ಸಿಗ್ತೈತೆ,” ಎಂದಳು ಸೊಸೆ.

“ಹುಡುಕಾಕೆ ನನ್ ಕಣ್ಣಿಗೆ ಪೊರೆ ಬಂದೈತೆ. ತೇಜೂ, ನಿನ್ ಕಣ್ಣು ಚೆನ್ನಾಗೈತಲ್ಲ, ನೀನೇ ಹುಡುಕ್ಕೊಡೇ.”

ಎಂಟನೇ ಕ್ಲಾಸಿನ ತೇಜಶ್ರೀ ಅಜ್ಜಿಯ ತಟ್ಟೆಗೆ ಬಗ್ಗಿ, ನಿಜವಾಗಿಯೂ ಒಂದು ಬೇಳೆ ಹುಡುಕಿ ಎತ್ತಿ ತೋರಿಸಿದಳು. ಅವಳಪ್ಪ ಎರ್ರಿಸ್ವಾಮಿ ನಗು ತಡೆಯಲು ಹೋಗಿ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. ಕಾವ್ಯ ಮಾತ್ರ ನಗಲಿಲ್ಲ. ಆ ಒಂದು ಬೇಳೆಯ ಅಣ್ಣತಮ್ಮಂದಿರು ಡಬ್ಬಿಯಲ್ಲಿ ಇನ್ನೆಷ್ಟು ಉಳಿದಿದ್ದಾರೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡಿಸಿದ ಸೀಮೆ ನಮ್ಮದು. ಆದರೆ ಈ ಸಲ ದಸರಾ ಮುಗಿದ ವಾರ ಮೊಳಕಾಲ್ಮೂರಿನ ಮೇಲೆ ಮಳೆ ಯಾರದೋ ಮೇಲಿನ ಸಿಟ್ಟು ತೀರಿಸಿಕೊಳ್ಳುವಂತೆ ಸುರಿಯಿತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ ಇರುತ್ತದಲ್ಲ, ಎರ್ರಿಸ್ವಾಮಿಯ ಮನೆಯಲ್ಲಿ ಅದು ಬಾವಿಯಾಗಿ ಕೂತಿತು. ಗುಂಡಿಯ ಒಂದು ಬದಿ ಕುಸಿದು, ಮಗ್ಗಕ್ಕೆ ಏರಿಸಿದ್ದ ಉದ್ದೆಳೆಗಳ ರೇಷ್ಮೆ ಹಾಸೆಲ್ಲ ಕೆಸರಾಯಿತು. ಹಾಸು ಕೊಡುವ ಸಾಹುಕಾರರು ಬಂದು ನೋಡಿ, “ಗುಂಡಿ ಪೂರ್ತಿ ಒಣಗ್ಲಿ. ತೇವದಾಗೆ ರೇಷ್ಮೆ ಇಟ್ರೆ ಅದೂ ಹಾಳು. ಆಮ್ಯಾಲೆ ಹೊಸ ಹಾಸು ಕೊಡ್ತೀನಿ,” ಎಂದು ಹೇಳಿ ಹೋದರು. ಒಣಗಲು ಒಂದು ತಿಂಗಳಾದರೂ ಬೇಕಿತ್ತು. ಅಲ್ಲಿಯ ತನಕ ಎರ್ರಿಸ್ವಾಮಿ, ಕೆಲಸ ಇದ್ದ ದಿನ, ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಇಳಿಸುತ್ತಿದ್ದ. ಕೆಲಸ ವಾರಕ್ಕೆ ಎರಡು ದಿನ ಇದ್ದರೆ ಹೆಚ್ಚು. ರೇಷನ್ ಅಕ್ಕಿ, ರಾಗಿ ಮನೆಯಲ್ಲಿತ್ತು. ಬೇಳೆ, ಎಣ್ಣೆ, ಬೆಲ್ಲ ರೇಷನ್ನಿನಲ್ಲಿ ಬರುವುದಿಲ್ಲವಲ್ಲ.

ಇಷ್ಟೆಲ್ಲ ಕಷ್ಟ ಲಕ್ಷ್ಮಕ್ಕನಿಗೆ ತಿಳಿಯದೆಂದಲ್ಲ. ಆದರೆ ಅವಳದು ಹಳೆಯ ಹಠ. ಮಜ್ಜಿಗೆ ಕೇಳಿ ಬಂದವರಿಗೆ ಮೊಸರು ಕೊಟ್ಟು ಕಳಿಸಿದ ಹೆಂಗಸು ಅವಳು. “ನನ್ ಕೈ ಯಾವತ್ತೂ ಮ್ಯಾಲೇ ಇರ್ಬೇಕು, ಕೆಳಗಾಗಬಾರ್ದು,” ಎನ್ನುವುದು ಅವಳ ಮಾತು. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದ್ದೇ ಇಲ್ಲ. ಒಮ್ಮೆ ಗೋಡೆಗೆ ಸುಣ್ಣ ಹೊಡೆಯಲು ಬಂದವನು ಊಟದ ಡಬ್ಬಿ ಮರೆತು ಹೋದಾಗ, ಅದನ್ನು ತೊಳೆದು ನಾಲ್ಕು ಹಿಡಿ ಶೇಂಗಾ ತುಂಬಿ ಕಳಿಸಿದ್ದಳು. ಆಸಾಮಿ ಆಮೇಲೆ ಎರಡು ಸಲ ಬೇಕೆಂದೇ ಡಬ್ಬಿ ಮರೆತ.

ಕಣಜದ ಸುದ್ದಿ ತಂದವಳು ತೇಜಶ್ರೀ.

“ಅಮ್ಮ, ಪೇಟೆ ಬೀದೀಲಿ ಕಣಜ ಅಂತ ಐತಲ್ಲ, ನಮ್ ಸ್ಕೂಲಿಂದ ಎಲ್ಲಾರೂ ಒಂದೊಂದು ಹಿಡಿ ಕಾಳು ಕೊಟ್ವಿ. ಬೇಕಾದೋರು ಅಲ್ಲಿಂದ ತಗಂಡು ಹೋಗಬಹುದಂತೆ.”

“ಬೇಕಾದೋರು ಅಂದ್ರೆ ಯಾರು?”

“ಸಾರಲ್ಲಿ ಬೇಳೆ ಹುಡುಕೋರು,” ಎಂದಳು ಮಗಳು. ಕಾವ್ಯ ಅವಳ ತಲೆಗೊಂದು ಮೊಟಕಿದಳು. ಆದರೆ ಶನಿವಾರ ಬೆಳಿಗ್ಗೆ, ನೂಲು ಕೇಳಿ ಬರುತ್ತೇನೆಂದು ಅತ್ತೆಗೆ ಹೇಳಿ ಪೇಟೆ ಬೀದಿಗೆ ಹೋದಳು.

ಸೋಮಶೇಖರಪ್ಪನವರ ಕಿರಾಣಿ ಅಂಗಡಿಯ ಹಿಂದಿನ ಹಳೆಯ ಗೋದಾಮೇ ಕಣಜ. ಕೊರೊನಾ ವರ್ಷ ಅವರ ಹೆಂಡತಿ ವೀರಮ್ಮ ಶುರು ಮಾಡಿದ್ದು, ಆಮೇಲೆ ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಸುಗ್ಗಿಯಲ್ಲಿ ಗೌರಸಮುದ್ರದ ಕಡೆಯ ರೈತರು ಒಂದೊಂದು ಮೂಟೆ ಇಳಿಸಿ ಹೋಗುತ್ತಾರೆ, ಅಂಗಡಿಯವರು ಎಣ್ಣೆ, ಬೆಲ್ಲ ಕೊಡುತ್ತಾರೆ. ಶನಿವಾರ, ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿರುತ್ತದೆ. ಒಳಗೆ ಎಡಕ್ಕೆ ಕೊಡುವವರ ಮೇಜು, ಬಲಕ್ಕೆ ತೆಗೆದುಕೊಳ್ಳುವವರ ಸಾಲು.

“ಎಷ್ಟು ಜನ ಮನೇಲಿ?” ವೀರಮ್ಮ ಕೇಳಿದರು.

“ನಾಕು ಜನರೀ. ಹೆಸರು…”

“ಹೆಸರು ಯಾಕವ್ವ? ಹೆಸರು ಬೇಯ್ಸಿಕೊಂಡು ಉಣ್ಣಾಕಾಗ್ತದಾ? ಚಿತ್ತಪ್ಪ, ನಾಕು ಜನದ್ದು ಒಂದು.”

ಚಿತ್ತಪ್ಪ ಎಪ್ಪತ್ತು ದಾಟಿದ ಮುದುಕ. ಐವತ್ತು ವರ್ಷ ಅದೇ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದವನು. ಈಗಲೂ ಬೇಳೆ, ಬೆಲ್ಲ, ಶೇಂಗಾ ಎಲ್ಲವನ್ನೂ ಹಳೆ ಪೇಪರಿನಲ್ಲಿ ಸುತ್ತಿ, ಟ್ವೈನ್ ದಾರವನ್ನು ಎರಡು ಸುತ್ತು ಬಳಸಿ, ತುದಿಯನ್ನು ಕಿವಿಯ ಹಾಗೆ ಎಳೆದು ಬಿಡುವುದು ಅವನ ಕಟ್ಟು. ಪೊಟ್ಟಣಗಳನ್ನೆಲ್ಲ ಒಂದು ಹಳದಿ ಬಟ್ಟೆ ಚೀಲಕ್ಕೆ ತುಂಬಿ ಕೊಟ್ಟ.

ಚೀಲ ನೋಡಿ ಕಾವ್ಯ ಹಿಂದೆ ಸರಿದಳು. “ಇದನ್ನ ಹಿಡ್ಕಂಡು ಬಜಾರಲ್ಲಿ ಹೆಂಗೆ ಹೋಗ್ಲಿರೀ? ಎಲ್ಲಾರಿಗೂ ತಿಳೀತೈತೆ.”

“ಎಡಗಡೆ ನೋಡು,” ಎಂದರು ವೀರಮ್ಮ. ಎಡಗಡೆಯ ಮೇಜಿನ ಮುಂದೆ ಕೊಡಲು ಬಂದವರ ಕೈಯಲ್ಲೂ ಅದೇ ಹಳದಿ ಚೀಲ. “ಕೊಡೋರಿಗೂ ಇದೇ, ತಗಳ್ಳೋರಿಗೂ ಇದೇ. ಬೀದೀಲಿ ನೋಡಿದೋರಿಗೆ ಯಾರು ಯಾರಂತ ತಿಳಿಯಂಗಿಲ್ಲ. ಚೀಲ ಮಾತ್ರ ವಾಪಸ್ ತಂದುಕೊಡು.”

ಕಾವ್ಯ ಚೀಲ ಹೆಗಲಿಗೇರಿಸಿದಳು. ಈ ಉಪಾಯ ಹೊಳೆದ ತಲೆಗೆ ಮನಸ್ಸಿನಲ್ಲೇ ಕೈ ಮುಗಿದು ಮನೆಗೆ ಬಂದಳು. ಬಂದವಳು ಚೀಲವನ್ನು ಎಲ್ಲಿಡುವುದೆಂದು ಯೋಚಿಸಿ, ಮಂಡಿನೋವಿನ ಅತ್ತೆ ಇಳಿಯಲಾರದ ಜಾಗವೆಂದು ಮಗ್ಗದ ಗುಂಡಿಯ ಒಣ ಮೂಲೆಯಲ್ಲಿಟ್ಟಳು.

ಅತ್ತೆ ಇಳಿಯಲಾರಳು, ನಿಜ. ಬಗ್ಗಿ ನೋಡಬಲ್ಲಳು ಎಂಬುದನ್ನು ಕಾವ್ಯ ಮರೆತಿದ್ದಳು. ಭಾನುವಾರ ಬೆಳಿಗ್ಗೆ ನಿಂತ ಮಗ್ಗಕ್ಕೂ ಕುಂಕುಮ ಇಡಲು ಹೋದ ಲಕ್ಷ್ಮಕ್ಕ ಅಲ್ಲಿಂದಲೇ ಕೂಗಿದಳು.

“ಕಾವ್ಯ! ಇದು ಕಣಜದ ಚೀಲ ಅಲ್ಲೇನೇ?”

ಕಾವ್ಯನ ಕೈಯ ಸೌಟು ಅಲ್ಲೇ ನಿಂತಿತು. “ಹೂಂ ಅತ್ತೆ, ಅದು…”

“ಕೊಡಾಕೆ ತುಂಬ್ಸಿ ಇಟ್ಟೀಯಾ?”

ಬೇರೇನಾದರೂ ಹೇಳುವಷ್ಟರಲ್ಲಿ ಲಕ್ಷ್ಮಕ್ಕ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

“ನಮಗೇ ಇಷ್ಟು ಕಷ್ಟ ಇರೋವಾಗ ಇನ್ನೊಬ್ರಿಗೆ ಅಂತ ತೆಗೆದಿಟ್ಟೀಯಲ್ಲೇ. ನಾನು ಸುಮ್ನೆ ನಿನ್ ಸಾರಿಗೆ ಹಂಗಿಸ್ತಿದ್ದೆ. ನನ್ ಸೊಸೆ ಕೈ ದೊಡ್ಡದು ಕಣೇ.”

ಮದುವೆಯಾಗಿ ಹದಿನಾಲ್ಕು ವರ್ಷ. ಕಾವ್ಯ ಬೆಳಗಿನಿಂದ ಸಂಜೆಯ ತನಕ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ್ದಾಳೆ, ಮುದ್ದೆ ತಿರುವಿದ್ದಾಳೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದಾಳೆ. ಆ ಬಾಯಿಂದ ಒಂದು ಹೊಗಳಿಕೆ ಬಿದ್ದದ್ದಿಲ್ಲ. ಈಗ ಬಿದ್ದಿತು, ಅದೂ ಸುಳ್ಳಿನ ಮೇಲೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಕಾವ್ಯ ನುಂಗಿಬಿಟ್ಟಳು.

“ಹೂಂ ಅತ್ತೆ,” ಎಂದಳು.

ಲಕ್ಷ್ಮಕ್ಕ ಯುಗಾದಿಗೆಂದು ಅಡಗಿಸಿಟ್ಟಿದ್ದ ಒಂದು ಸೇರು ಹುರುಳಿಯನ್ನೂ ಆ ಚೀಲಕ್ಕೆ ಸುರಿದು, ಕಂಕುಳಲ್ಲಿಟ್ಟುಕೊಂಡು ಹೊರಟಳು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎದುರಾದವರಿಗೆಲ್ಲ ಹೇಳಬೇಕಿತ್ತಲ್ಲ. ಮೊದಲು ಹೇಳಿದ್ದು ಬೀದಿಯ ತುದಿಯಲ್ಲಿ ಹೂ ಮಾರುವ ಬಸವಲಿಂಗಮ್ಮನಿಗೆ.

“ಎಲ್ಲಿಗೆ ಲಕ್ಷ್ಮಕ್ಕ?”

“ಕಣಜಕ್ಕೆ ಕೊಡಾಕೆ ಕಣವ್ವ. ನನ್ ಸೊಸೆ ತೆಗೆದಿಟ್ಟಿದ್ದು. ಇನ್ನು ವಾರ ವಾರನೂ ಕೊಡ್ತೀವಿ.”

ಆ ‘ವಾರ ವಾರನೂ’ ಎಂಬ ಮಾತು ತಿರುಗಿ ಕಾವ್ಯನ ಕಿವಿಗೆ ಬಿದ್ದಾಗ ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು.

ಎರಡನೇ ಶನಿವಾರ ಕಾವ್ಯ ಹುಷಾರಾದಳು. ತಂದ ಚೀಲದಿಂದ ಬೇಳೆ, ಎಣ್ಣೆ ಮೊದಲೇ ತೆಗೆದು ಡಬ್ಬಿಗೆ ಹಾಕಿ, ಮಿಕ್ಕಿದ್ದನ್ನು ಟ್ರಂಕಿನಲ್ಲಿಟ್ಟಳು. ಭಾನುವಾರ ಸ್ನಾನ ಮುಗಿಸಿ ಹೊಸ ಸೀರೆಯುಟ್ಟ ಲಕ್ಷ್ಮಕ್ಕ ನಡುಮನೆಯಲ್ಲಿ ನಿಂತು, “ಈ ವಾರದ ಚೀಲ ಎಲ್ಲೇ?” ಎಂದಳು.

ಕೊಡದೆ ವಿಧಿಯಿರಲಿಲ್ಲ. ಚೀಲ ಎತ್ತಿ ನೋಡಿದ ಲಕ್ಷ್ಮಕ್ಕ ಮೂಗು ಮುರಿದಳು. “ಒಂದೇ ವಾರಕ್ಕೆ ನಿನ್ ಕೈ ಚಿಕ್ಕದಾತೇನೇ? ಇಷ್ಟು ಹಗೂರದ್ದು ಹಿಡ್ಕಂಡು ಹೋದ್ರೆ ನನ್ ಮರ್ಯಾದಿ ಏನಾಗ್ಬೇಕು?” ಎನ್ನುತ್ತ ಮನೆಯ ರೇಷನ್ ಅಕ್ಕಿಯಿಂದ ಮೂರು ಸೇರು ಅಳೆದು ತುಂಬಿದಳು.

ಅಂದು ಮಧ್ಯಾಹ್ನ ಕಾವ್ಯ ಗಂಡನಿಗೆ ಎಲ್ಲ ಹೇಳಿದಳು. ಗುಂಡಿಯ ಬದಿಗೆ ಕಲ್ಲು ಕಟ್ಟುತ್ತಿದ್ದ ಎರ್ರಿಸ್ವಾಮಿ ಕರಣೆ ಕೆಳಗಿಟ್ಟು ಬೆರಳು ಮಡಿಸಿದ.

“ತಂದಿದ್ದು ಎರಡು ಚೀಲ. ಹೋಗಿದ್ದು ಎರಡು ಚೀಲ. ಅದರ ಮ್ಯಾಲೆ ಒಂದು ಸೇರು ಹುರುಳಿ, ಮೂರು ಸೇರು ಅಕ್ಕಿ ನಮ್ಮದೇ ಹೋತು. ಉಳಿದಿದ್ದು ಒಂದು ಡಬ್ಬಿ ಬೇಳೆ. ಹಿಂಗೇ ಇನ್ನೆರಡು ವಾರ ಕಣಜದಿಂದ ತಂದ್ರೆ ನಾವು ಉಪವಾಸ ಬೀಳ್ತೀವಿ ನೋಡು.”

“ನಗಬ್ಯಾಡ್ರಿ. ನಿಮ್ಮವ್ವಗೆ ನೀವೇ ನಿಜ ಹೇಳಿಬಿಡ್ರಿ.”

“ನಾನಾ? ನಾನು ನಾಳೆ ಫಸ್ಟ್ ಬಸ್ಸಿಗೆ ಚಳ್ಳಕೆರೆಗೆ ಹೋಗ್ಬೇಕು.”

“ಚಳ್ಳಕೆರೆ ಬಸ್ಸು ನಾಳೆ. ನಿಮ್ಮವ್ವ ಈಗ ಇಲ್ಲೇ ಅವ್ರೆ.”

“ಅಮ್ಮ ಹೇಳಿದ್ದು ಸರಿ ಅಪ್ಪ,” ಎಂದು ಕಿಟಕಿಯಿಂದ ತೇಜಶ್ರೀ ತಲೆ ಹಾಕಿದಳು.

“ನೀನು ಓದ್ಕೋ ಹೋಗೇ,” ಎಂದು ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಕೂಗಿದರು. ನಿಜ ಹೇಳುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಮೂರನೇ ವಾರ ಗುಟ್ಟು ಗೋದಾಮಿನಲ್ಲಿ ಬಯಲಾಯಿತು. ಲಕ್ಷ್ಮಕ್ಕ ಚೀಲ ಕೊಟ್ಟು, ಹಿಂದಿನ ವಾರದಂತೆಯೇ ಕೊಡುವುದರ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ ಹೋದ ಮೇಲೆ, ಚಿತ್ತಪ್ಪ ಚೀಲ ಬಿಚ್ಚಿದ. ಬೆಲ್ಲದ ಪೊಟ್ಟಣ ಕೈಗೆತ್ತಿಕೊಂಡವನು ಹಾಗೇ ನಿಂತ.

“ಅಬ್ಬೋ! ವೀರಮ್ಮೋರೇ, ಇಲ್ಲಿ ಬರ್ರಿ. ಇದು ನನ್ ಕೈ ಕಟ್ಟು!”

“ಏನಂದಿ?”

“ಎರಡು ಸುತ್ತು, ಕಿವಿ ತುದಿ. ಈ ಊರಾಗೆ ಹಿಂಗೆ ಕಟ್ಟೋನು ನಾನೊಬ್ನೇ. ನಿನ್ನೆ ನಾನು ಕೊಟ್ಟಿದ್ದನ್ನ ಈಯಮ್ಮ ಇವತ್ತು ನನಗೇ ದಾನ ಮಾಡಿ ಹೋದ್ಲು. ಮ್ಯಾಲೆ ಬುದ್ಧಿ ಬೇರೆ ಹೇಳಿದ್ಲು!”

ವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಒಮ್ಮೆಗೇ ನಗು ನಿಂತಿತು.

“ಹಂಗಾದ್ರೆ ಆ ಮನೇಲಿ ಏನು ಉಣ್ತಾ ಅವ್ರೋ ಚಿತ್ತಪ್ಪ?”

ಮುಂದಿನ ಶನಿವಾರ ಕಾವ್ಯ ಬಂದಾಗ, ಲಕ್ಷ್ಮಕ್ಕನ ಸೊಸೆ ಇವಳೇ ಎಂದು ಚಿತ್ತಪ್ಪನಿಂದ ತಿಳಿದ ವೀರಮ್ಮ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿದರು. ಕಾವ್ಯ ಮೊದಲು ಅತ್ತಳು, ಆಮೇಲೆ ಹುರುಳಿಯ ಕಥೆ ಹೇಳುವಾಗ ತಾನೇ ನಕ್ಕಳು. ವೀರಮ್ಮ ಬೈಯಲಿಲ್ಲ.

“ಮನೆಗೆ ಹೋಗಿ ಮಗಳ ಸ್ಕೂಲ್ ಬ್ಯಾಗ್ ತಗಂಡು ಬಾ. ಇವತ್ತಿಂದು ಅದ್ರಲ್ಲಿ ತಗಂಡು ಹೋಗು. ಹಳದಿ ಚೀಲ ಮನೆಗೆ ಹೋಗೋದೇ ಬ್ಯಾಡ.”

“ನಾಳೆ ಅತ್ತೆ ಚೀಲ ಕೇಳ್ತಾರಲ್ರೀ.”

“ಅವರಿಗೆ ಹೇಳು, ಕಣಜದಾಗೆ ಕಾಳು ಸಾಕಷ್ಟೈತೆ, ಆರ್ಸೋ ಕೈ ಇಲ್ಲ ಅಂತ. ಕೈ ಕೊಟ್ರೂ ಕೊಟ್ಟಂಗೇ ಅಲ್ವಾ?”

ಲಕ್ಷ್ಮಕ್ಕನಿಗೆ ಅದು ಚೀಲಕ್ಕಿಂತ ಹೆಚ್ಚು ಹಿಡಿಸಿತು. ಭಾನುವಾರ ಮೊರ ಹಿಡಿದು ಗೋದಾಮಿನಲ್ಲಿ ಕೂತವಳು ಹತ್ತು ಸೇರು ಬೇಳೆ ಕೇರಿ, ಕಲ್ಲು ಆರಿಸಿ, ಎದುರಿಗಿದ್ದ ಚಿತ್ತಪ್ಪನ ಪೊಟ್ಟಣ ಸಡಿಲವೆಂದು ನಾಲ್ಕು ಸಲ ಹೇಳಿದಳು. ಕಣ್ಣಿಗೆ ಪೊರೆ ಬಂದಿದೆ ಎಂದವಳ ಬೆರಳಿನಿಂದ ಒಂದು ಕಲ್ಲೂ ತಪ್ಪಿಸಿಕೊಳ್ಳಲಿಲ್ಲ. ಬಲಗಡೆಯ ಸಾಲಿನಲ್ಲಿ ಯಾರಾದರೂ ತಲೆ ತಗ್ಗಿಸಿದ್ದು ಕಂಡರೆ ಕೂತಲ್ಲಿಂದಲೇ ಗದರುತ್ತಿದ್ದಳು.

“ಯಾಕವ್ವ ತಲೆ ಬಗ್ಸೀಯಾ? ಕದ್ದೀಯಾ? ಹೊಟ್ಟೆ ಎಲ್ಲಾರಿಗೂ ಐತೆ. ತಗಂಡು ಹೋಗು, ಉಂಡು ತಣ್ಣಗಿರ್ರಿ.”

ಆ ವಾರ ಎರ್ರಿಸ್ವಾಮಿಯ ಮನೆಯಲ್ಲಿ ಸಾರು ಸ್ವಲ್ಪ ಮಂದವಾಯಿತು. ಎಲ್ಲ ಹೀಗೇ ನಡೆದಿದ್ದರೆ ಹಾಸು ಬರುವ ತನಕ ಹೇಗೋ ಸಾಗುತ್ತಿತ್ತು. ಆದರೆ ಲಕ್ಷ್ಮಕ್ಕನಿಗೆ ಹುಮ್ಮಸ್ಸು ಹತ್ತಿತು. ಭಾನುವಾರ ಒಂದೇ ದಿನ ಸಾಲದೆಂದು ಐದನೇ ವಾರ ಯಾರಿಗೂ ಹೇಳದೆ ಶನಿವಾರವೇ ಹೋಗಿ ಕೂತಳು. ವೀರಮ್ಮ ಮದುವೆಗೆಂದು ಊರಿಗೆ ಹೋಗಿದ್ದರು. ಚಿತ್ತಪ್ಪ ಒಬ್ಬನೇ ಒದ್ದಾಡುವುದನ್ನು ಕಂಡು, “ನೀನು ಕಟ್ಟು, ನಾನು ಕೊಡ್ತೀನಿ,” ಎಂದು ಬಲಗಡೆಯ ಮೇಜಿಗೆ ತಾನೇ ನಿಂತಳು. ಚಿತ್ತಪ್ಪ ಬಾಗಿಲ ಕಡೆ ನೋಡುತ್ತಲೇ ಪೊಟ್ಟಣ ಕಟ್ಟತೊಡಗಿದ.

ಕಾವ್ಯ ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಸಾಲಿನಲ್ಲಿ ಬಂದಳು. ಕೈ ಚಾಚಿದಳು. ಮೇಲಿನಿಂದ ಹಳದಿ ಚೀಲ ಇಳಿಯಿತು.

“ಉಂಡು ತಣ್ಣಗಿ…”

ಲಕ್ಷ್ಮಕ್ಕನ ಮಾತು ಅಲ್ಲೇ ನಿಂತಿತು. ಆ ಕೈಯಲ್ಲಿದ್ದ ಹಸಿರು ಬಳೆಗಳನ್ನು ಯುಗಾದಿಗೆ ತೊಡಿಸಿದವಳೇ ಅವಳು. ಕಾವ್ಯ ತಲೆಯೆತ್ತಿದಳು. ಇಬ್ಬರ ಕೈಯೂ ಚೀಲದ ಮೇಲಿತ್ತು. ಹಿಂದೆ ಏಳೆಂಟು ಜನ ನಿಂತಿದ್ದರು. ಮನೆಯ ಮಾತನ್ನು ನಾಲ್ಕು ಜನರ ಮುಂದೆ ಹಾಕುವ ಹೆಂಗಸಲ್ಲ ಲಕ್ಷ್ಮಕ್ಕ. ಚೀಲ ಬಿಟ್ಟು, ಗಂಟಲು ಸರಿಮಾಡಿಕೊಂಡು, “ತಣ್ಣಗಿರ್ರಿ,” ಎಂದು ಮುಗಿಸಿ ಮುಂದಿನವರಿಗೆ ಚೀಲ ಎತ್ತಿಕೊಂಡಳು.

ಮನೆಯಲ್ಲಿ ಮಾತ್ರ, ಕಾವ್ಯ ಎಲ್ಲ ಹೇಳುತ್ತಲೇ ಹೆಂಚು ಹಾರಿತು.

“ಅವ್ರ ಕಾಳು ಅವ್ರಿಗೇ ನನ್ ಕೈಲಿ ದಾನ ಮಾಡ್ಸಿದ್ಯಲ್ಲೇ! ಬಜಾರದ ತುಂಬ ಹೇಳ್ಕಂಡು ಬಂದೆ ನಾನು, ಡಂಗುರ ಹೊಡ್ದಂಗೆ! ಆ ಚಿತ್ತಪ್ಪ ಎಷ್ಟು ನಕ್ಕಿರಬ್ಯಾಡ!”

“ನಾನೇನು ಮಾಡ್ಲಿ ಅತ್ತೆ? ಉಣ್ಣಾಕೆ ಅಂತ ತಂದೆ, ನೀವು ಹೊತ್ಕಂಡು ಹೋದ್ರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಆದ್ರಿ ನೀವು!”

“ಮಾರಿ ಅಂತೀಯಾ ನನ್ನ? ಎರ್ರಿಸ್ವಾಮಿ, ಕೇಳಿದ್ಯೇನೋ?”

“ಕೇಳ್ತು ಅವ್ವ,” ಎಂದ ಎರ್ರಿಸ್ವಾಮಿ ಗುಂಡಿಯೊಳಗಿನಿಂದ. ಇಂಥ ಹೊತ್ತಿಗೆ ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿರಲಿಲ್ಲ. “ಇಬ್ಬರದೂ ಕೇಳ್ತು.”

“ನಿಜ ಹೇಳಾಕೆ ಏನಾಗಿತ್ತು ನಿನಗೆ?” ಲಕ್ಷ್ಮಕ್ಕ ಮತ್ತೆ ಸೊಸೆಯ ಕಡೆ ತಿರುಗಿದಳು.

ಕಾವ್ಯನ ದನಿ ಕುಗ್ಗಿತು. “ನೀವು ಹೊಗಳಿದ್ರಿ ಅತ್ತೆ. ಹದಿನಾಕು ವರ್ಷಕ್ಕೆ ಒಂದ್ಸಲ ಹೊಗಳಿದ್ರಿ. ಅದನ್ನ ವಾಪಸ್ ಕೊಡಾಕೆ ನನಗೆ ಮನಸ್ಸು ಬರ್ಲಿಲ್ಲ.”

ಲಕ್ಷ್ಮಕ್ಕ ಹಿತ್ತಲ ಜಗುಲಿಗೆ ಹೋಗಿ ಕೂತಳು. ಅಂದು ಮುದ್ದೆಗೆ ಕರೆದರೆ ಬರಲಿಲ್ಲ. ತೇಜಶ್ರೀ ತಟ್ಟೆಯನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ಎದುರಿಗೆ ಕೂತಳು.

“ಅಜ್ಜಿ, ಕದ್ದೀಯಾ?”

“ಏನೇ?”

“ಅಲ್ಲಿ ಎಲ್ಲಾರಿಗೂ ಹಿಂಗೇ ಕೇಳ್ತೀಯಲ್ಲ. ಕದ್ದಿಲ್ಲ ಅಂದ್ರೆ ಉಣ್ಣು.”

“ಹೋಗೇ, ನಿಮ್ಮಮ್ಮನ ಬಾಯೇ ನಿನಗೂ ಬಂದೈತೆ,” ಎಂದಳು ಲಕ್ಷ್ಮಕ್ಕ. ಆದರೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಆ ವಾರವೆಲ್ಲ ಸೊಸೆಯೊಂದಿಗೆ ಹೆಚ್ಚು ಮಾತಾಡಲಿಲ್ಲ. ಭಾನುವಾರ ಕಣಜಕ್ಕೂ ಹೋಗಲಿಲ್ಲ. ಗುರುವಾರ ಮಾತ್ರ ಹೊರಗಿನ ಒಲೆಯಲ್ಲಿ ಶೇಂಗಾ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಚಟ್ನಿಪುಡಿ ಕುಟ್ಟಿದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಮತ್ತೆ ಶನಿವಾರ ಬಂತು. ಗುಂಡಿ ಒಣಗಿತ್ತು, ಸೋಮವಾರ ಹಾಸು ಕೊಡುತ್ತೇನೆಂದು ಸಾಹುಕಾರರು ಹೇಳಿ ಕಳಿಸಿದ್ದರು. ಹಾಸು ಬಂದರೂ ಎಳೆ ಎಳೆ ಕೆಚ್ಚಿ ಜೋಡಿಸಿ, ನೇಯ್ದು, ಒಂದು ಸೀರೆ ಇಳಿಸಿ ಕೂಲಿ ಬರಲು ಇನ್ನೂ ಎರಡು ವಾರ. ಕಾವ್ಯ ಗಟ್ಟಿ ಮನಸ್ಸು ಮಾಡಿ ಕಣಜಕ್ಕೆ ಹೊರಡಲೆಂದು ಗೂಟ ನೋಡಿದರೆ, ಅಲ್ಲಿ ತಗಲಿಹಾಕಿದ್ದ ಹಳದಿ ಚೀಲ ಇರಲಿಲ್ಲ. ಅತ್ತೆಯೂ ಇರಲಿಲ್ಲ.

ಚೀಲ ಬಿಸಾಡಿ ಜಗಳ ಮಾಡಿ ಬರಲು ಹೋದಳೆಂದೇ ತಿಳಿದು ಕಾವ್ಯ ಪೇಟೆ ಬೀದಿಗೆ ಓಡಿದಳು. ಗೋದಾಮಿನ ಬಾಗಿಲಲ್ಲೇ ನಿಂತುಬಿಟ್ಟಳು. ಬಲಗಡೆಯ ಸಾಲಿನಲ್ಲಿ, ಮೂರನೆಯವಳಾಗಿ, ಬೆನ್ನು ನೆಟ್ಟಗೆ ಮಾಡಿ ಲಕ್ಷ್ಮಕ್ಕ ನಿಂತಿದ್ದಳು.

“ಲಕ್ಷ್ಮಕ್ಕ, ನಿಮ್ಮ ಮೊರ ಈ ಕಡೆ ಐತೆ,” ಎಂದ ಚಿತ್ತಪ್ಪ ಮೆಲ್ಲಗೆ.

“ಗೊತ್ತೈತೆ. ಆಮ್ಯಾಲೆ ಬತ್ತೀನಿ. ಐದು ವಾರ ನನ್ ಸೊಸೆ ಇಲ್ಲಿ ನಿಂತಾಳೆ. ಈ ವಾರ ನನ್ ಪಾಳಿ.” ಮುಂದಿದ್ದ ಇಬ್ಬರು ಸರಿದ ಮೇಲೆ ಲಕ್ಷ್ಮಕ್ಕ ಹಳದಿ ಚೀಲವನ್ನು ವೀರಮ್ಮನ ಮುಂದಿಟ್ಟಳು. ಅದರಲ್ಲಿ ಚಟ್ನಿಪುಡಿಯ ಡಬ್ಬಿಯಿತ್ತು. “ಬರೀ ಚೀಲ ವಾಪಸ್ ಕೊಡಬಾರ್ದು, ಅದಕ್ಕೆ. ಇದು ಮಾತ್ರ ನಮ್ಮದೇ, ನಿಮ್ದಲ್ಲ.”

ವೀರಮ್ಮ ಡಬ್ಬಿ ತೆಗೆದು ಮೂಸಿ ಪಕ್ಕಕ್ಕಿಟ್ಟರು. ಚೀಲ ತುಂಬಿಸಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. “ಉಂಡು ತಣ್ಣಗಿರ್ರಿ ಲಕ್ಷ್ಮಕ್ಕ.”

ಲಕ್ಷ್ಮಕ್ಕನ ಕೈ ಕೆಳಗಿತ್ತು. ಅರವತ್ತೆಂಟು ವರ್ಷಕ್ಕೆ ಮೊದಲ ಸಲ. ಬಾಗಿಲಲ್ಲಿದ್ದ ಕಾವ್ಯನಿಗೂ ಅದು ಕಂಡಿತು. ಓಡಿ ಬಂದು ಚೀಲ ತೆಗೆದುಕೊಳ್ಳಲು ಹೋದಳು.

“ಬಿಡೇ. ಕೊಡೋವಾಗ ಹೊತ್ತೀನಿ, ಈಗೇನು ಭಾರ?” ಎಂದಳು ಅತ್ತೆ. ಮೊರದ ಕೆಲಸ ಮುಗಿಸಿ ಇಬ್ಬರೂ ಜೊತೆಗೇ ಹೊರಟರು.

ಬೀದಿಯ ತುದಿಯಲ್ಲಿ ಬಸವಲಿಂಗಮ್ಮ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. “ಏನ್ ಲಕ್ಷ್ಮಕ್ಕ, ಕಣಜಕ್ಕೆ ಕೊಡಾಕೆ ಹೊಂಟ್ರಾ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಚೀಲದ ಬಣ್ಣ ಯಾವ ಗುಟ್ಟನ್ನೂ ಬಿಟ್ಟುಕೊಡುತ್ತಿರಲಿಲ್ಲ. ಕಾವ್ಯ ಉಸಿರು ಹಿಡಿದು ನಿಂತಳು.

“ಇಲ್ಲ ಕಣವ್ವ. ತಗಂಡು ಬಂದೆ,” ಎಂದಳು ಲಕ್ಷ್ಮಕ್ಕ. “ಮಗ್ಗ ನಿಂತೈತೆ, ಮನೇಲಿ ಬೇಳೆ ಇರ್ಲಿಲ್ಲ. ಆವತ್ತು ನನ್ ಸೊಸೆ ಕೈ ದೊಡ್ಡದು ಅಂತ ನಿನಗೆ ಹೇಳಿದ್ನಲ್ಲ, ಅದೇನು ಸುಳ್ಳಲ್ಲ. ನನ್ ತಲೆ ಮ್ಯಾಲಿರ್ಲಿ ಅಂತ ಐದು ವಾರ ಅವಳು ತಲೆ ಬಗ್ಸಿ ನಿಂತ್ಲು.”

ಕಾವ್ಯ ಹೂವಿನ ಬುಟ್ಟಿಯ ಕಡೆ ನೋಡತೊಡಗಿದಳು. ಮೇಲೆ ನೋಡಿದರೆ ಬಜಾರಿನಲ್ಲೇ ಅಳು ಬರುತ್ತಿತ್ತು. ಬಸವಲಿಂಗಮ್ಮ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು.

“ಲಕ್ಷ್ಮಕ್ಕ… ಅಲ್ಲಿ ಹೆಸರು ಕೇಳ್ತಾರಾ?”

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇಲ್ಲಕ್ಕ,” ಎಂದಳು ಕಾವ್ಯ. “ಎಷ್ಟು ಜನ ಅಂತ ಕೇಳ್ತಾರೆ, ಅಷ್ಟೇ. ನಾಳೆ ಬೆಳಿಗ್ಗೆ ನಾನೇ ಬಂದು ಕರ್ಕಂಡು ಹೋಗ್ತೀನಿ.”

ಬಸವಲಿಂಗಮ್ಮ ಬೇಡವೆಂದರೂ ಕೇಳದೆ ಎರಡು ಮೊಳ ಕನಕಾಂಬರ ಅಳೆದು ಹಳದಿ ಚೀಲದ ಮೇಲಿಟ್ಟಳು. ಲಕ್ಷ್ಮಕ್ಕ ಅದರಲ್ಲಿ ಒಂದು ಮೊಳ ಕತ್ತರಿಸಿ ಅಲ್ಲೇ ಸೊಸೆಯ ಜಡೆಗೆ ಸಿಕ್ಕಿಸಿದಳು, ಕೂದಲು ಜಗ್ಗಿದ್ದಕ್ಕೆ ಕಾವ್ಯ ‘ಆ’ ಎಂದರೂ ಬಿಡಲಿಲ್ಲ.

ಅಂದು ಕಾವ್ಯ ಕೈ ಹಿಡಿಯದೆ ಬೇಳೆ ಹಾಕಿದಳು. ಎಲ್ಲರೂ ಊಟಕ್ಕೆ ಕೂತರು. ಲಕ್ಷ್ಮಕ್ಕ ಮುದ್ದೆ ಮುರಿದು ಅದ್ದಿ, ಬೆರಳಿನಿಂದ ತಟ್ಟೆಯ ತಳವನ್ನು ಒಂದು ಸುತ್ತು ಸವರಿ ನೋಡಿದಳು. ಎರ್ರಿಸ್ವಾಮಿ ತುತ್ತು ನುಂಗದೆ ಕಾದ.

“ಏನೇ ಕಾವ್ಯ, ಬರೀ ಬೇಳೆನೇ ಐತಲ್ಲೇ. ಇವತ್ತು ಸಾರು ಹುಡುಕ್ಬೇಕಾ?”

“ಹುಡುಕ್ರಿ ಅತ್ತೆ, ಸಿಗ್ತೈತೆ,” ಎಂದಳು ಕಾವ್ಯ, ನಗುತ್ತ.

ಲಕ್ಷ್ಮಕ್ಕ ತಟ್ಟೆ ಮುಂದೆ ಚಾಚಿದಳು. “ಇನ್ನೊಂದು ಸೌಟು ಹಾಕು, ಹುಡುಕ್ತೀನಿ.”